39 ವಾರ: ಹಾಸಿಗೆ ಹಿಡಿದವರ ಮನೆ ಸಾಲಕ್ಕೆ ಬ್ರಿಟನ್ ಏನು ಮಾಡಿತು? (ಭಾಗ 9)

ನೈಟ್ ಡ್ಯೂಟಿ ಮುಗಿಸಿ ಎರಡು ದಿನ ರಜೆ ಸಿಕ್ಕಿದೆ. ಹಾಗಾಗಿ ಈ ಸಲ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಟೀ ಪಕ್ಕದಲ್ಲಿಟ್ಟುಕೊಂಡು ಓದಿ.

ಹೋದ ಭಾಗದಲ್ಲಿ, ಸ್ಟ್ರೋಕ್ ಆದವರನ್ನು ಮನೆಗೆ ಕಳಿಸುವ ಮೊದಲು ವಾರ್ಡಿನಲ್ಲಿ ನಾವು ಏನೇನು ವಿಚಾರಿಸುತ್ತೇವೆ ಎಂದು ಬರೆದಿದ್ದೆ. ಮೆಟ್ಟಿಲು ಎಷ್ಟು, ಬಾತ್‌ರೂಮ್ ಮೇಲಿದೆಯೋ ಕೆಳಗಿದೆಯೋ, ಗೋಡೆಗೆ ಹಿಡಿಕೆ ಬೇಕೇ, ರಾತ್ರಿ ಜೊತೆಗೆ ಯಾರಿರುತ್ತಾರೆ. ಅದನ್ನು ಓದಿದ ಒಬ್ಬರು ಇನ್‌ಬಾಕ್ಸ್‌ನಲ್ಲಿ ಕೇಳಿದರು: "ಸಿಸ್ಟರ್, ಮನೆ ಸಾಲದ ಕಂತು ಇನ್ನು ಯಾರು ಕಟ್ಟುತ್ತಾರೆ ಅಂತ ನಿಮ್ಮ ಫಾರಂನಲ್ಲಿ ಕೇಳ್ತೀರಾ?"

ಇಲ್ಲ, ಕೇಳುವುದಿಲ್ಲ. ಆ ಪ್ರಶ್ನೆ ಓದಿದಾಗ ನನಗೆ 2022ರ ಒಬ್ಬ ಪೇಷೆಂಟ್ ನೆನಪಾದರು. ಗುರುತು ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತೇನೆ. ವಯಸ್ಸು ಐವತ್ತು ದಾಟಿತ್ತು, ವ್ಯಾನ್ ಓಡಿಸುತ್ತಿದ್ದವರು. ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. ಅವರ ಮನೆಗೆ ಹಿಡಿಕೆ ಹಾಕಿಸಿದೆವು, ಕಮೋಡ್ ಎತ್ತರ ಮಾಡಿಸಿದೆವು. ಡಿಸ್ಚಾರ್ಜ್‌ಗೆ ಎರಡು ದಿನ ಇರುವಾಗ ಅವರ ಹೆಂಡತಿ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮುಂದಿಟ್ಟರು. ತುಂಬ ಬ್ಯಾಂಕಿನ ಕವರ್‌ಗಳು. ಒಂದನ್ನೂ ಒಡೆದಿರಲಿಲ್ಲ. "ಇದರಲ್ಲಿ ಏನಿದೆ ಅಂತ ಗೊತ್ತು, ಅದಕ್ಕೇ ಒಡೆದಿಲ್ಲ" ಎಂದರು.

ನನಗೆ ಆಗ ಏನೂ ಗೊತ್ತಿರಲಿಲ್ಲ. ಸೋಷಿಯಲ್ ವರ್ಕರ್‌ಗೆ ಫೋನ್ ಮಾಡಿದೆ, ಅಷ್ಟೇ. ಆಮೇಲೆ ಕುತೂಹಲಕ್ಕೆ, ಸ್ವಲ್ಪ ಭಯಕ್ಕೂ, ಓದುತ್ತಾ ಹೋದೆ. ಭಯ ಯಾಕೆಂದರೆ ಆ ವರ್ಷವೇ ನಾವೂ ಇಲ್ಲಿ ಮನೆ ತೆಗೆದುಕೊಂಡಿದ್ದೆವು. ಓದಿದ್ದರಲ್ಲಿ ಖಚಿತವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎನ್‌ಎಚ್‌ಎಸ್ ಜೊತೆಗೇ ಹುಟ್ಟಿದ ಸಹಾಯ

1948ರ ಜುಲೈ 5 ನಮಗೆಲ್ಲ ಬಾಯಿಪಾಠ, ಎನ್‌ಎಚ್‌ಎಸ್ ಶುರುವಾದ ದಿನ. ಅದೇ ದಿನ ನ್ಯಾಷನಲ್ ಅಸಿಸ್ಟೆನ್ಸ್ ಕಾಯ್ದೆಯೂ ಜಾರಿಗೆ ಬಂತು. ಬಡವರನ್ನು ವರ್ಕ್‌ಹೌಸ್‌ಗೆ ಕಳಿಸುತ್ತಿದ್ದ ಹಳೆಯ ಪೂರ್ ಲಾ ಅಲ್ಲಿಗೆ ಮುಗಿಯಿತು. ದುಡಿಯಲಾಗದೆ ಕೈ ಖಾಲಿಯಾದವರಿಗೆ ಊಟ, ಬಟ್ಟೆಗೆ ಹಣ ಕೊಡುವಾಗ ವಸತಿಯ ಖರ್ಚನ್ನೂ ಸೇರಿಸಿದರು. ಬಾಡಿಗೆ ಮನೆಯಾದರೆ ಬಾಡಿಗೆ, ಸಾಲದ ಮನೆಯಾದರೆ ಸಾಲದ ಬಡ್ಡಿ.

ಬಡ್ಡಿ ಮಾತ್ರ, ಅಸಲು ಅಲ್ಲ. ಅಸಲನ್ನೂ ಸರ್ಕಾರ ಕಟ್ಟಿದರೆ ತೆರಿಗೆ ಕೊಡುವವರ ದುಡ್ಡಿನಲ್ಲಿ ಒಬ್ಬರಿಗೆ ಆಸ್ತಿ ಮಾಡಿಕೊಟ್ಟ ಹಾಗಾಗುತ್ತದೆ, ಬಡ್ಡಿಯಾದರೆ ತಲೆ ಮೇಲೊಂದು ಸೂರು ಉಳಿಸಿದ ಹಾಗಷ್ಟೇ ಎನ್ನುವುದು ಲೆಕ್ಕ. ಈ ಒಂದು ಗೆರೆಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಎಪ್ಪತ್ತು ವರ್ಷದ ಜಗಳವೆಲ್ಲ ಇದರ ಸುತ್ತವೇ.

1948ರಲ್ಲಿ ಈ ದೇಶದ ಬಹುಪಾಲು ಜನ ಬಾಡಿಗೆ ಮನೆಯಲ್ಲಿದ್ದರು. ಹಾಗಾಗಿ ಈ ಬಡ್ಡಿಯ ಖರ್ಚು ಸರ್ಕಾರಕ್ಕೆ ದೊಡ್ಡದಾಗಿ ಕಾಣಲಿಲ್ಲ. ಆಮೇಲೆ ಕಾಲ ಬದಲಾಯಿತು. 1980ರ ಹೌಸಿಂಗ್ ಕಾಯ್ದೆಯಲ್ಲಿ ಕೌನ್ಸಿಲ್ ಮನೆಯಲ್ಲಿದ್ದವರಿಗೆ ಆ ಮನೆಯನ್ನೇ ರಿಯಾಯಿತಿ ದರದಲ್ಲಿ ಕೊಳ್ಳುವ ಹಕ್ಕು ಕೊಟ್ಟರು. ಸ್ವಂತ ಮನೆ ಮಾಡಿಕೊಳ್ಳಿ ಎಂದು ಸರ್ಕಾರವೇ ಬೆನ್ನು ತಟ್ಟಿತು. 1990ರ ಹೊತ್ತಿಗೆ ಸುಮಾರು ಮೂರರಲ್ಲಿ ಎರಡು ಕುಟುಂಬ ಸ್ವಂತ ಮನೆಯಲ್ಲಿದ್ದವು. ಸಾಲ ಮಾಡಿದವರು ಹೆಚ್ಚಾದಂತೆ, ಕಾಯಿಲೆ ಬಿದ್ದಾಗ ಕಂತು ನಿಲ್ಲಿಸುವವರೂ ಹೆಚ್ಚಾದರು.

ಬಾಗಿಲು ಸಣ್ಣದಾಗುತ್ತಾ ಹೋದದ್ದು

1987ರ ಜನವರಿಯಲ್ಲಿ ಮೊದಲ ಕತ್ತರಿ ಬಿತ್ತು. 60 ವರ್ಷದೊಳಗಿನವರಿಗೆ ಮೊದಲ 16 ವಾರ ಅರ್ಧ ಬಡ್ಡಿ ಮಾತ್ರ. 1989ರ ಅಕ್ಟೋಬರ್‌ನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಬಡ್ಡಿ ದರ ಶೇ. 15ಕ್ಕೆ ಏರಿತು. ಇಲ್ಲಿನ ಹೆಚ್ಚಿನ ಸಾಲಗಳು ಆಗ ದರ ಏರಿದಂತೆ ಏರುವಂಥವು. 1991ರ ಒಂದೇ ವರ್ಷ 75,500 ಮನೆಗಳನ್ನು ಸಾಲ ಕೊಟ್ಟವರು ಜಪ್ತಿ ಮಾಡಿದರು. ನಮ್ಮ ವಾರ್ಡಿನ ಹಳೆಯ ಹೆಲ್ತ್ ಕೇರ್ ಅಸಿಸ್ಟೆಂಟ್ ಒಬ್ಬರು ಹೇಳುತ್ತಾರೆ, ಅವರ ಬೀದಿಯಲ್ಲಿ ಆಗ ಕೆಲವರು ಬೀಗದ ಕೈಯನ್ನು ಕವರ್‌ಗೆ ಹಾಕಿ ಬ್ಯಾಂಕಿಗೆ ಪೋಸ್ಟ್ ಮಾಡಿ ಹೊರಟೇ ಹೋದರಂತೆ.

1992ರಲ್ಲಿ ಒಂದು ಕಾಯ್ದೆ ತಂದು ಬಡ್ಡಿ ಸಹಾಯವನ್ನು ನೇರವಾಗಿ ಸಾಲ ಕೊಟ್ಟವರಿಗೇ ಕಳಿಸುವ ವ್ಯವಸ್ಥೆ ಮಾಡಿದರು. ಆಮೇಲೆ ಮಿತಿ ಬಂತು. ಎಷ್ಟೇ ದೊಡ್ಡ ಸಾಲವಿರಲಿ, 1993ರಿಂದ 1,50,000 ಪೌಂಡ್‌ವರೆಗಿನ ಸಾಲಕ್ಕೆ ಮಾತ್ರ ಬಡ್ಡಿ. 1994ರಲ್ಲಿ ಅದು 1,25,000 ಆಯಿತು, 1995ರಲ್ಲಿ 1,00,000.

1995 ಕಾಯಿಲೆಯವರ ಪಾಲಿಗೆ ಕೆಟ್ಟ ವರ್ಷ. ಏಪ್ರಿಲ್‌ನಲ್ಲಿ ಹಳೆಯ ಇನ್‌ವ್ಯಾಲಿಡಿಟಿ ಬೆನಿಫಿಟ್ ಹೋಗಿ ಇನ್‌ಕೆಪಾಸಿಟಿ ಬೆನಿಫಿಟ್ ಬಂತು, "ನಿಜವಾಗಿಯೂ ದುಡಿಯಲಾರಿರಾ" ಎನ್ನುವ ಪರೀಕ್ಷೆ ಬಿಗಿಯಾಯಿತು. ಅಕ್ಟೋಬರ್ 2ರಿಂದ, ಆಗಿನಿಂದ ಹೊಸದಾಗಿ ಸಾಲ ಮಾಡಿದವರಿಗೆ ಮೊದಲ 39 ವಾರ ಬಡ್ಡಿ ಸಹಾಯವೇ ಇಲ್ಲ ಎಂದರು. ಮೊದಲೇ ಸಾಲ ಮಾಡಿದ್ದವರಿಗೆ 8 ವಾರ ಏನೂ ಇಲ್ಲ, ನಂತರ 18 ವಾರ ಅರ್ಧ, ಆಮೇಲೆ ಪೂರ್ತಿ.

39 ವಾರ ಎಂದರೆ ಒಂಬತ್ತು ತಿಂಗಳು. ಕೂಲಿ ಮಾಡುವವರಿಗೆ ಕಾಯಿಲೆ ರಜೆಯಲ್ಲಿ ಮಾಲೀಕರು ಕೊಡಲೇಬೇಕಾದ ಕನಿಷ್ಠ ಹಣಕ್ಕೆ ಇಲ್ಲಿ ಸ್ಟ್ಯಾಚುಟರಿ ಸಿಕ್ ಪೇ ಅನ್ನುತ್ತಾರೆ. ಅದೂ 28 ವಾರಕ್ಕೆ ಮುಗಿಯುತ್ತದೆ. ಅದರಲ್ಲಿ ದಿನಸಿ ತರಬಹುದು, ಮನೆ ಕಂತು ಕಟ್ಟಲು ಆಗುವುದಿಲ್ಲ.

ಒಂಬತ್ತು ತಿಂಗಳು ಏನು ಮಾಡಬೇಕು ಎಂದು ಕೇಳಿದರೆ, ಸರ್ಕಾರದ ಉತ್ತರ: ವಿಮೆ ಮಾಡಿಸಿಕೊಳ್ಳಿ.

ವಿಮೆಯ ಕಥೆ

ಕೇಳಲು ಚೆನ್ನಾಗಿತ್ತು. ಕಾಯಿಲೆ ಬಿದ್ದರೆ, ಅಪಘಾತವಾದರೆ, ಕೆಲಸ ಹೋದರೆ ಕಂಪನಿ ಕಂತು ಕಟ್ಟುತ್ತದೆ. ಆದರೆ ಮೊದಲೇ ಇದ್ದ ಕಾಯಿಲೆಗೆ ವಿಮೆಯವರು ಹಣ ಕೊಡುವುದಿಲ್ಲ. ಬೆನ್ನು ನೋವು, ಖಿನ್ನತೆ ಇಂಥವಕ್ಕೆ ನೂರೆಂಟು ಷರತ್ತು. ಯಾರಿಗೆ ಕಾಯಿಲೆ ಬರುವ ಸಂಭವ ಹೆಚ್ಚೋ ಅವರಿಗೇ ವಿಮೆ ಕೈಗೆಟುಕುವುದಿಲ್ಲ. ಇದು ಸರ್ಕಾರಕ್ಕೂ ಗೊತ್ತಿತ್ತು. 1995ರ ನಿಯಮದೊಳಗೇ ಒಂದು ಕಿಂಡಿ ಇಟ್ಟಿದ್ದರು. ಮೊದಲಿನ ಕಾಯಿಲೆಯ ಕಾರಣಕ್ಕೆ ವಿಮೆಯವರು ಕ್ಲೇಮ್ ತಳ್ಳಿಹಾಕಿದ್ದರೆ, ಅಂಥವರಿಗೆ ಹಳೆಯ ಸಾಲಗಾರರ ಕಡಿಮೆ ಕಾಯುವ ಅವಧಿಯೇ ಅನ್ವಯ. ಸಹಾಯ ಕಡಿಮೆ ಮಾಡುವ ಕಾನೂನಿನಲ್ಲೂ ಇಂಥ ಸಾಲು ಬರೆದಿಟ್ಟವರೊಬ್ಬರು ಇದ್ದರಲ್ಲ ಎಂದು ನನಗೆ ಸಮಾಧಾನವಾಯಿತು. ಆದರೆ ಆ ಸಾಲು ಇದೆ ಎಂದು ಮಂಚದ ಮೇಲೆ ಮಲಗಿದವರಿಗೆ ಹೇಳುವವರು ಯಾರು?

ಮುಂದೆ ಇದೇ ಥರದ ವಿಮೆ, ಅಂದರೆ ಪಿಪಿಐ, ಈ ದೇಶದ ದೊಡ್ಡ ಹಗರಣವಾಯಿತು. ಕ್ಲೇಮ್ ಮಾಡಲು ಅರ್ಹತೆಯೇ ಇಲ್ಲದವರಿಗೂ ಅದನ್ನು ಸಾಲದ ಜೊತೆ ಅಂಟಿಸಿ ಮಾರಿದ್ದರು. 2011ರಲ್ಲಿ ಬ್ಯಾಂಕುಗಳ ಸಂಘ ಹೈಕೋರ್ಟಿನಲ್ಲಿ ಸೋತಿತು. ದೂರು ಕೊಡಲು 2019ರ ಆಗಸ್ಟ್ 29 ಕೊನೆಯ ದಿನ. ಒಟ್ಟು ಪರಿಹಾರ 3,800 ಕೋಟಿ ಪೌಂಡ್ ದಾಟಿತು. ಎಲ್ಲ ವಿಮೆಯೂ ಮೋಸ ಎಂದು ನಾನು ಹೇಳುತ್ತಿಲ್ಲ. ನಾವೂ ಮಾಡಿಸಿದ್ದೇವೆ. ಆದರೆ ಸರ್ಕಾರ ತನ್ನ ಭಾರ ಇಳಿಸಿ ಒರಗಿಸಿದ್ದು ಈ ಗೋಡೆಗೆ.

ಕೋರ್ಟು ಹಿಡಿದ ಕೈ

ಬೆನಿಫಿಟ್ ಆಫೀಸಿನ ಬಾಗಿಲು ಸಣ್ಣದಾಗುತ್ತಿದ್ದಾಗ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕೋರ್ಟುಗಳಲ್ಲಿ ಇನ್ನೊಂದು ಬಾಗಿಲು ಸ್ವಲ್ಪ ಸ್ವಲ್ಪವೇ ತೆರೆಯುತ್ತಿತ್ತು.

1970ರ ಅಡ್ಮಿನಿಸ್ಟ್ರೇಷನ್ ಆಫ್ ಜಸ್ಟಿಸ್ ಕಾಯ್ದೆಯ 36ನೇ ಸೆಕ್ಷನ್ ಜಡ್ಜ್‌ಗೆ ಒಂದು ಅಧಿಕಾರ ಕೊಟ್ಟಿತು. ಸಾಲಗಾರ "ಸಮಂಜಸವಾದ ಅವಧಿಯಲ್ಲಿ" ಹಣ ಕಟ್ಟುವ ಸಂಭವವಿದ್ದರೆ ಜಪ್ತಿಯನ್ನು ಮುಂದೂಡಬಹುದು. ಆದರೆ ಒಂದು ತೊಡಕು. ಕೆಲವು ಕಂತು ತಪ್ಪಿದರೆ ಇಡೀ ಸಾಲ ಒಮ್ಮೆಲೇ ಕಟ್ಟಬೇಕು ಎಂದು ಕರಾರಿನಲ್ಲೇ ಬರೆದಿರುತ್ತಿದ್ದರು. ಹಾಗಿದ್ದ ಮೇಲೆ ಇಡೀ ಸಾಲವನ್ನೇ ತೀರಿಸಲು ಸಾಧ್ಯವೇ ಎಂದು ನೋಡಬೇಕು ಎಂದು ಕೋರ್ಟು ಹೇಳಿಬಿಟ್ಟಿತು. ಅದು ಯಾರಿಗೆ ಸಾಧ್ಯ? 1973ರಲ್ಲಿ ಪಾರ್ಲಿಮೆಂಟ್ ತಿದ್ದುಪಡಿ ಮಾಡಿ, ಬಾಕಿ ಕಂತು ಮತ್ತು ಮುಂದಿನ ಕಂತು ಕಟ್ಟುವ ದಾರಿ ಇದ್ದರೆ ಸಾಕು ಎಂದು ಸ್ಪಷ್ಟ ಮಾಡಿತು.

ಆದರೂ ಆ "ಸಮಂಜಸವಾದ ಅವಧಿ" ಎಷ್ಟು? ಬಹಳ ಕಡೆ ಎರಡು ವರ್ಷಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ. 1995ರ ಡಿಸೆಂಬರ್‌ನಲ್ಲಿ ನಾರ್ಗನ್ ಎನ್ನುವ ಮಹಿಳೆಯ ಪ್ರಕರಣದಲ್ಲಿ ಕೋರ್ಟ್ ಆಫ್ ಅಪೀಲ್ ಹೇಳಿದ್ದು: ಸಾಲದ ಉಳಿದ ಪೂರ್ತಿ ಅವಧಿಯನ್ನೇ ಲೆಕ್ಕಕ್ಕೆ ಹಿಡಿದು ಶುರು ಮಾಡಿ. ಅಂದರೆ ಸಾಲ ಮುಗಿಯಲು ಇನ್ನೂ 13 ವರ್ಷ ಇದ್ದರೆ ಬಾಕಿಯನ್ನು ಆ 13 ವರ್ಷಕ್ಕೆ ಹಂಚಬಹುದು. ಸ್ಟ್ರೋಕ್ ಆದವರು ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೇಕು. ಆ ಕಾಲವನ್ನು ಮೊದಲ ಸಲ ಯಾರೋ ಕೊಟ್ಟ ಹಾಗಿದೆ ಇದು.

2008ರ ನವೆಂಬರ್‌ನಿಂದ ಇನ್ನೊಂದು ನಿಯಮ ಸೇರಿತು. ಕೋರ್ಟಿಗೆ ಬರುವ ಮೊದಲು ಸಾಲ ಕೊಟ್ಟವರು ಮಾತುಕತೆ ಆಡಿರಬೇಕು, ಜಪ್ತಿ ಕೊನೆಯ ದಾರಿಯಾಗಿರಬೇಕು. ಆದರೆ ಮಾತುಕತೆ ಆಗಬೇಕಾದರೆ ಈ ಕಡೆಯವರು ಕವರ್ ಒಡೆಯಬೇಕಲ್ಲ!

ಒಂದು ಉಸಿರು, ಮತ್ತೆ 39 ವಾರ

2008ರ ಆರ್ಥಿಕ ಕುಸಿತ ಬಂದಾಗ 1991 ಮರುಕಳಿಸಬಾರದು ಎಂದು ಸರ್ಕಾರ ಬೇಗ ಎಚ್ಚೆತ್ತುಕೊಂಡಿತು. 2009ರ ಜನವರಿಯಿಂದ ಕಾಯುವ ಅವಧಿ 39 ವಾರದಿಂದ 13 ವಾರಕ್ಕೆ ಇಳಿಯಿತು, ಸಾಲದ ಮಿತಿ 2,00,000 ಪೌಂಡ್‌ಗೆ ಏರಿತು. ಇಂಗ್ಲೆಂಡಿನಲ್ಲಿ ಮಾರ್ಟ್‌ಗೇಜ್ ರೆಸ್ಕ್ಯೂ ಎನ್ನುವ ಯೋಜನೆಯೂ ಬಂತು. ಮಕ್ಕಳಿರುವವರು, ವಯಸ್ಸಾದವರು, ಅಂಗವಿಕಲರು ಇರುವ ಮನೆಯನ್ನು ಹೌಸಿಂಗ್ ಅಸೋಸಿಯೇಷನ್ ಕೊಂಡು, ಅದೇ ಕುಟುಂಬಕ್ಕೆ ಬಾಡಿಗೆಗೆ ಕೊಡುವುದು. ಮನೆ ಅವರದಾಗಿ ಉಳಿಯುವುದಿಲ್ಲ, ಆದರೆ ಹಿಡಿಕೆ ಹಾಕಿದ ಗೋಡೆ, ಇಳಿಜಾರು ಮಾಡಿದ ಬಾಗಿಲು ಬಿಟ್ಟು ಹೋಗಬೇಕಾಗಿಲ್ಲ. ನರ್ಸ್ ಆಗಿ ನೋಡಿದರೆ ನನಗೆ ಇದ್ದುದರಲ್ಲಿ ಬುದ್ಧಿವಂತ ಯೋಜನೆ ಇದೇ ಅನ್ನಿಸುತ್ತದೆ. 2014ರಲ್ಲಿ ಅದನ್ನು ನಿಲ್ಲಿಸಿದರು.

ಇನ್ನೊಂದು ಸೂಕ್ಷ್ಮ ನೋಡಿ. 1995ರಿಂದ ಸರ್ಕಾರ ನಿಮ್ಮ ನಿಜವಾದ ಬಡ್ಡಿ ಕೊಡುತ್ತಿರಲಿಲ್ಲ, ಎಲ್ಲರಿಗೂ ಒಂದೇ ದರ. 2010ರ ಸೆಪ್ಟೆಂಬರ್‌ವರೆಗೆ ಅದು ಶೇ. 6.08 ಇತ್ತು. ಅಕ್ಟೋಬರ್ 1ರಿಂದ ಶೇ. 3.63 ಮಾಡಿದರು. 1,00,000 ಪೌಂಡ್ ಸಾಲಕ್ಕೆ ತಿಂಗಳಿಗೆ ಸುಮಾರು 507 ಪೌಂಡ್ ಬರುತ್ತಿದ್ದದ್ದು 302ಕ್ಕೆ ಇಳಿಯಿತು. ಕಡಿಮೆ ಬಡ್ಡಿಯ ಸಾಲ ಇದ್ದವರು ಹೇಗೋ ನಿಭಾಯಿಸಿದರು. ಆದರೆ ಮೊದಲೇ ಒಂದೆರಡು ಕಂತು ತಪ್ಪಿದವರಿಗೆ, ಆದಾಯ ಸರಿಯಿಲ್ಲದವರಿಗೆ ಸಿಗುವುದೇ ಹೆಚ್ಚು ಬಡ್ಡಿಯ ಸಾಲ. ಕೊರತೆ ಅವರ ಪಾಲಿಗೇ ಬಂತು.

2016ರ ಏಪ್ರಿಲ್‌ನಲ್ಲಿ ಕಾಯುವ ಅವಧಿ ಮತ್ತೆ 39 ವಾರ. 2018ರ ಏಪ್ರಿಲ್ 6ರಂದು ಎಲ್ಲಕ್ಕಿಂತ ದೊಡ್ಡ ಬದಲಾವಣೆ. ಅಂದಿನಿಂದ ಈ ಬಡ್ಡಿ ಸಹಾಯ ಬೆನಿಫಿಟ್ ಅಲ್ಲ, ಸಾಲ. ಸರ್ಕಾರ ಬಡ್ಡಿ ಕಟ್ಟುತ್ತದೆ, ಆ ಮೊತ್ತ ಮನೆಯ ಮೇಲೆ ಎರಡನೇ ಅಡಮಾನವಾಗಿ ಕೂರುತ್ತದೆ, ಅದರ ಮೇಲೂ ಬಡ್ಡಿ ಬೆಳೆಯುತ್ತದೆ. ಮನೆ ಮಾರಿದಾಗಲೋ ತೀರಿಕೊಂಡಾಗಲೋ ವಸೂಲು. ಮಾರಿದ ಹಣ ಸಾಲದಿದ್ದರೆ ಉಳಿದದ್ದನ್ನು ಮನ್ನಾ ಮಾಡುತ್ತಾರೆ ಎನ್ನುವುದು ಒಂದು ಸಮಾಧಾನ. ಆ ಬದಲಾವಣೆಯ ಸಮಯದಲ್ಲಿ ಸಾಲಕ್ಕೆ ಒಪ್ಪಿದವರಿಗಿಂತ ಬೇಡವೆಂದವರೇ ಹೆಚ್ಚು. ಅವರಲ್ಲಿ ವಯಸ್ಸಾದವರು, ವರ್ಷಾನುಗಟ್ಟಲೆ ಕಾಯಿಲೆಯಲ್ಲಿದ್ದವರು ಬಹಳ. ಬಡ್ಡಿ ತೀರಿಸಲು ಇನ್ನೊಂದು ಸಾಲ ಎಂದರೆ ನಮ್ಮ ಅಪ್ಪನೂ ಒಪ್ಪುತ್ತಿರಲಿಲ್ಲ.

1948ರ ಗೆರೆ ನೆನಪಿದೆಯೇ? ಅಸಲು ಆಸ್ತಿ, ಬಡ್ಡಿ ಸೂರು ಎಂದಿದ್ದರು. 2018ರಲ್ಲಿ ಬಡ್ಡಿಯನ್ನೂ ಆಸ್ತಿಯ ಕಡೆಗೆ ತಳ್ಳಿದರು. ಬಾಡಿಗೆದಾರರ ಬಾಡಿಗೆಗೆ ಕೊಡುವ ಸಹಾಯ ಮಾತ್ರ ಇಂದಿಗೂ ಸಾಲವಲ್ಲ.

ವಾರಕ್ಕೆ ಆರು ಗಂಟೆ ಕೆಲಸ

ಈಗ ನಮ್ಮ ಪೇಷೆಂಟ್ ವಿಷಯಕ್ಕೆ ಬರುತ್ತೇನೆ. ಅವರ ಹೆಂಡತಿ ಒಂದು ಆಫೀಸಿನಲ್ಲಿ ವಾರಕ್ಕೆ ಆರು ಗಂಟೆ ಕ್ಲೀನಿಂಗ್ ಕೆಲಸ ಮಾಡುತ್ತಿದ್ದರು. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಆಗ ಒಂದು ನಿಯಮವಿತ್ತು. ದಂಪತಿಯಲ್ಲಿ ಯಾರಾದರೂ ಒಬ್ಬರು ಆ ತಿಂಗಳು ಒಂದು ಪೌಂಡ್ ದುಡಿದಿದ್ದರೂ ಮನೆ ಸಾಲದ ಬಡ್ಡಿಗೆ ಸಹಾಯವಿಲ್ಲ. ದುಡಿದರೆ ಒಂಬತ್ತು ತಿಂಗಳ ಲೆಕ್ಕ ಮತ್ತೆ ಮೊದಲಿನಿಂದ ಶುರು. "ಹಾಗಾದರೆ ನಾನು ಕೆಲಸ ಬಿಡಬೇಕಾ?" ಎಂದು ಅವರು ಸೋಷಿಯಲ್ ವರ್ಕರ್‌ನ ಕೇಳಿದರು. ಕಾಯಿಲೆಯ ಗಂಡನನ್ನು ಮನೆಯಲ್ಲಿ ನೋಡಿಕೊಳ್ಳುವ ಹೆಂಗಸಿಗೆ ವಾರದಲ್ಲಿ ಆ ಆರು ಗಂಟೆಯೇ ಹೊರಗಿನ ಗಾಳಿ.

ಬಿಡಲಿಲ್ಲ. ಬಾಕಿ ಬೆಳೆಯಿತು. ಕೊನೆಗೆ ಜಪ್ತಿಗೆ ಮೊದಲೇ ತಾವೇ ಮನೆ ಮಾರಿ ಕೆಳಮಹಡಿಯ ಕೌನ್ಸಿಲ್ ಫ್ಲಾಟಿಗೆ ಹೋದರು. ಕ್ಲಿನಿಕ್‌ಗೆ ಬಂದಾಗ ಸಿಕ್ಕಿದ್ದರು. ಫ್ಲಾಟಿನ ಗೋಡೆಗೆ ಮತ್ತೆ ಹಿಡಿಕೆ ಹಾಕಿಸಬೇಕಾಗಿ ಬಂತಂತೆ. ಮೊದಲು ನಾವು ಅಳತೆ ತೆಗೆದು ಹಾಕಿಸಿದ ಹಿಡಿಕೆ ಈಗ ಬೇರೆ ಯಾರದೋ ಮನೆಯಲ್ಲಿದೆ.

2023ರ ಏಪ್ರಿಲ್ 3ರಂದು ಆ ನಿಯಮವನ್ನು ತೆಗೆದರು. ಕಾಯುವ ಅವಧಿಯೂ ಒಂಬತ್ತು ತಿಂಗಳಿಂದ ಮೂರು ತಿಂಗಳಿಗೆ ಬಂತು. ಅವರಿಗೆ ಕೆಲವು ತಿಂಗಳು ತಡವಾಯಿತು.

ಅದೇ ವರ್ಷ ಜೂನ್ 26ರಂದು ಸರ್ಕಾರ ಮತ್ತು ಬ್ಯಾಂಕುಗಳು ಮಾರ್ಟ್‌ಗೇಜ್ ಚಾರ್ಟರ್ ಮಾಡಿಕೊಂಡವು. ಸಹಿ ಹಾಕಿದ ಬ್ಯಾಂಕುಗಳು ಮೊದಲ ಕಂತು ತಪ್ಪಿದ 12 ತಿಂಗಳೊಳಗೆ ನಿಮ್ಮ ಒಪ್ಪಿಗೆಯಿಲ್ಲದೆ ಮನೆ ಬಿಡಿಸುವುದಿಲ್ಲ. ಕಂತು ಸರಿಯಾಗಿ ಕಟ್ಟುತ್ತಿರುವಾಗಲೇ ಕೇಳಿಕೊಂಡರೆ ಆರು ತಿಂಗಳು ಬಡ್ಡಿ ಮಾತ್ರ ಕಟ್ಟಬಹುದು. ಲೆಕ್ಕ ಹಾಕಿ: 1,50,000 ಪೌಂಡ್ ಸಾಲ, 20 ವರ್ಷ, ಶೇ. 5 ಬಡ್ಡಿ. ಕಂತು ಸುಮಾರು 990 ಪೌಂಡ್. ಬಡ್ಡಿ ಮಾತ್ರವಾದರೆ 625. ಇಂಗ್ಲೆಂಡ್, ವೇಲ್ಸ್‌ನಲ್ಲಿ 2021ರ ಮೇ 4ರಿಂದ ಬ್ರೀದಿಂಗ್ ಸ್ಪೇಸ್ ಕೂಡ ಇದೆ. ಹಳೆಯ ಬಾಕಿಗೆ 60 ದಿನ ತಡೆ. ತೀವ್ರ ಮಾನಸಿಕ ಕಾಯಿಲೆಯ ಚಿಕಿತ್ಸೆಯಲ್ಲಿದ್ದರೆ ಚಿಕಿತ್ಸೆ ಮುಗಿಯುವವರೆಗೂ, ಮೇಲೆ 30 ದಿನವೂ ತಡೆ. ಆದರೆ ಆ ಅವಧಿಯ ಹೊಸ ಕಂತು ಕಟ್ಟುತ್ತಲೇ ಇರಬೇಕು. ಮೆಂಟಲ್ ಹೆಲ್ತ್ ನರ್ಸ್‌ಗಳೇ ಪೇಷೆಂಟ್ ಪರವಾಗಿ ಇದಕ್ಕೆ ಅರ್ಜಿ ಹಾಕಬಹುದು. ಆ ವಿಭಾಗದಲ್ಲಿರುವ ನಮ್ಮವರು ದಯವಿಟ್ಟು ಗಮನಿಸಿ.

ನಮ್ಮ ವಿಷಯ

ಊರಿಂದ ಬಂದು ವೀಸಾದಲ್ಲಿದ್ದುಕೊಂಡೇ ಮನೆ ತೆಗೆದುಕೊಂಡ ಅಕ್ಕ-ತಂಗಿಯರಿಗೆ, ಅಣ್ಣ-ತಮ್ಮಂದಿರಿಗೆ ಒಂದು ಮಾತು. ನಮ್ಮ ವೀಸಾದ ಮೇಲೆ "ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್" ಎಂದು ಇರುತ್ತದೆ. ಅದು ಇರುವವರೆಗೆ ಯೂನಿವರ್ಸಲ್ ಕ್ರೆಡಿಟ್ ಇಲ್ಲ, ಅಂಗವಿಕಲರಿಗೆ ಕೊಡುವ ಪಿಐಪಿ ಇಲ್ಲ, ಹಾಗಾಗಿ ಮೇಲೆ ಹೇಳಿದ ಬಡ್ಡಿ ಸಾಲವೂ ಇಲ್ಲ. ಎಪ್ಪತ್ತು ವರ್ಷದ ಆ ಬಾಗಿಲಿನ ಹೊರಗೇ ನಾವಿದ್ದೇವೆ.

ನಮಗೆ ಏನಿದೆ? ಎನ್‌ಎಚ್‌ಎಸ್‌ನ ಸಿಕ್ ಪೇ ಇದೆ. ಮೊದಲ ವರ್ಷದಲ್ಲಿ ಒಂದು ತಿಂಗಳು ಪೂರ್ತಿ, ಎರಡು ತಿಂಗಳು ಅರ್ಧ ಸಂಬಳ. ಎರಡನೇ ವರ್ಷ ಎರಡು ಮತ್ತು ಎರಡು, ಮೂರನೇ ವರ್ಷ ನಾಲ್ಕು ಮತ್ತು ನಾಲ್ಕು, ನಾಲ್ಕು-ಐದನೇ ವರ್ಷ ಐದು ಮತ್ತು ಐದು, ಐದು ವರ್ಷ ತುಂಬಿದ ಮೇಲೆ ಆರು ಮತ್ತು ಆರು. ನ್ಯಾಷನಲ್ ಇನ್ಶೂರೆನ್ಸ್ ಕಟ್ಟಿದ ಲೆಕ್ಕದ ಮೇಲೆ ಸಿಗುವ ನ್ಯೂ ಸ್ಟೈಲ್ ಇಎಸ್‌ಎ ಪಬ್ಲಿಕ್ ಫಂಡ್ ಅಲ್ಲ, ಅದನ್ನು ಕೇಳಬಹುದು. ಪೆನ್ಷನ್ ಸ್ಕೀಮ್‌ನಲ್ಲಿ ಎರಡು ವರ್ಷ ತುಂಬಿದ್ದರೆ ಕಾಯಿಲೆಯ ಕಾರಣಕ್ಕೆ ನಿವೃತ್ತಿ ಪೆನ್ಷನ್‌ಗೆ ಅರ್ಜಿ ಹಾಕುವ ದಾರಿ ಇದೆ. ಸಂಬಳ ಕೈಗೆ ಹೆಚ್ಚು ಬರಲಿ ಎಂದು ಪೆನ್ಷನ್ ಸ್ಕೀಮ್ ಬಿಟ್ಟವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಇನ್ನೊಮ್ಮೆ ಯೋಚಿಸಿ.

ಬ್ಯಾಂಕಿನ ಜೊತೆ ಮಾತಾಡುವ ಹಕ್ಕು, ಕೋರ್ಟಿನ 36ನೇ ಸೆಕ್ಷನ್, ಮಾರ್ಟ್‌ಗೇಜ್ ಚಾರ್ಟರ್, ಇವಕ್ಕೆ ವೀಸಾ ಅಡ್ಡ ಬರುವುದಿಲ್ಲ. ಇವು ಸಾಲದ ಜೊತೆ ಬಂದ ಹಕ್ಕುಗಳು.

ಮನೆ ಕಟ್ಟಿ ನೋಡು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಕಟ್ಟಿದ ಮೇಲೆ ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. ಇವತ್ತು ಒಂದು ಹಾಳೆ ತೆಗೆದುಕೊಳ್ಳಿ. ನಾಳೆಯಿಂದ ಡ್ಯೂಟಿಗೆ ಹೋಗಲಾಗದಿದ್ದರೆ ಪೂರ್ತಿ ಸಂಬಳ ಎಷ್ಟು ತಿಂಗಳು, ಅರ್ಧ ಎಷ್ಟು ತಿಂಗಳು, ಕಂತು ಎಷ್ಟು, ಬಡ್ಡಿ ಮಾತ್ರವಾದರೆ ಎಷ್ಟು ಎಂದು ಬರೆದು ಗಂಡನಿಗೋ ಹೆಂಡತಿಗೋ ತೋರಿಸಿ.

ನಾನು ಈಗ ಡಿಸ್ಚಾರ್ಜ್ ಮಾತುಕತೆಯಲ್ಲಿ ಫಾರಂನಲ್ಲಿ ಇಲ್ಲದ ಒಂದು ಪ್ರಶ್ನೆ ಸೇರಿಸಿಕೊಂಡಿದ್ದೇನೆ: "ಮನೆಯಲ್ಲಿ ಒಡೆಯದ ಕವರ್ ಇದೆಯಾ?" ಕೆಲವರು ನಗುತ್ತಾರೆ. ಕೆಲವರು ತಲೆ ತಗ್ಗಿಸುತ್ತಾರೆ. ತಲೆ ತಗ್ಗಿಸಿದವರ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತೇನೆ.

ಮುಂದಿನ ಭಾಗದಲ್ಲಿ ಎನ್‌ಎಚ್‌ಎಸ್ ಪೆನ್ಷನ್ ಬಗ್ಗೆ ಬರೆಯುತ್ತೇನೆ, ಇನ್‌ಬಾಕ್ಸ್‌ನಲ್ಲಿ ಬಹಳ ಜನ ಕೇಳಿದ್ದೀರಿ. ಎಲ್ಲರೂ ಆರೋಗ್ಯವಾಗಿರಿ.